ಪ್ರಧಾನಿಯೇ ಇಲ್ಲದ ಸರ್ಕಾರ: ಸ್ವಿಟ್ಜರ್ಲೆಂಡಿನ ಏಳು ಮಂದಿ

ಸಂವಿಧಾನದ ಪಾಠದಲ್ಲಿ ಸ್ವಿಟ್ಜರ್ಲೆಂಡಿನ ವಿಷಯ ಬಂದರೆ ವಿದ್ಯಾರ್ಥಿಗಳು ಮೊದಲು ಕೇಳುವುದು, ‘ಸರ್, ಅಲ್ಲಿ ಪ್ರಧಾನಿ ಯಾರು?’ ಅಂತ. ಯಾರೂ ಇಲ್ಲ. ಏಳು ಜನರ ಫೆಡರಲ್ ಕೌನ್ಸಿಲ್ ಸರ್ಕಾರ ನಡೆಸುತ್ತದೆ. ಏಳೂ ಜನ ಸಮಾನರು, ಒಬ್ಬೊಬ್ಬರಿಗೆ ಒಂದೊಂದು ಇಲಾಖೆ. ಅವರಲ್ಲೇ ಒಬ್ಬರು ಒಂದು ವರ್ಷದ ಮಟ್ಟಿಗೆ ಅಧ್ಯಕ್ಷರು. ಸಭೆ ನಡೆಸುತ್ತಾರೆ, ತಮ್ಮ ಇಲಾಖೆಯನ್ನೂ ನೋಡಿಕೊಳ್ಳುತ್ತಾರೆ. ಉಳಿದವರನ್ನು ಕೈಬಿಡುವ ಅಧಿಕಾರ ಅವರಿಗಿಲ್ಲ. ತೀರ್ಮಾನ ಎಲ್ಲರದ್ದು. ಒಳಗೆ ಎಷ್ಟೇ ವಾದ ಮಾಡಿರಲಿ, ಹೊರಗೆ ಬಂದ ಮೇಲೆ ಅದನ್ನು ಸಮರ್ಥಿಸಬೇಕು.

ಇವರನ್ನು ಆರಿಸುವುದು ಸಂಸತ್ತು. ಎರಡೂ ಮನೆಗಳ 246 ಸದಸ್ಯರು ಒಟ್ಟಿಗೆ ಕೂತು, ಗುಪ್ತ ಮತದಲ್ಲಿ, ಒಂದೊಂದೇ ಸ್ಥಾನಕ್ಕೆ ನಾಲ್ಕು ವರ್ಷದ ಅವಧಿಗೆ ಆರಿಸುತ್ತಾರೆ. ಆಮೇಲೆ ಮಧ್ಯದಲ್ಲಿ ಸರ್ಕಾರ ಬೀಳಿಸುವ ಹಾಗಿಲ್ಲ. ಅವಿಶ್ವಾಸ ಗೊತ್ತುವಳಿ ಅನ್ನೋದೇ ಅಲ್ಲಿಲ್ಲ. ಮರುಆಯ್ಕೆಗೆ ನಿಂತು ಸೋತವರು 1848ರಿಂದ ಈಚೆಗೆ ನಾಲ್ಕೇ ಜನ. ಕೊನೆಯವರು 2007ರಲ್ಲಿ ಸೋತ ಕ್ರಿಸ್ಟೋಫ್ ಬ್ಲೋಖರ್.

ಸ್ವಿಸ್ಸರು ಸ್ವಭಾವತಃ ಶಾಂತರು, ಅದಕ್ಕೇ ಹೊಂದಿಕೊಂಡು ಹೋಗುತ್ತಾರೆ ಎಂದು ಸುಮಾರು ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. 1847ರಲ್ಲಿ ಅಲ್ಲಿ ಅಂತರ್ಯುದ್ಧವೇ ನಡೆದಿತ್ತು. ಮರುವರ್ಷ ಹೊಸ ಸಂವಿಧಾನ ಬಂದಾಗ ಗೆದ್ದ ಉದಾರವಾದಿಗಳು ಏಳಕ್ಕೆ ಏಳೂ ಸ್ಥಾನ ಇಟ್ಟುಕೊಂಡರು. ಸೋತ ಕ್ಯಾಥೊಲಿಕ್ ಕನ್ಸರ್ವೇಟಿವರಿಗೆ 43 ವರ್ಷ ಒಂದೂ ಸಿಗಲಿಲ್ಲ.

ಬಾಗಿಲು ತೆರೆಸಿದ್ದು 1874ರ ಒಂದು ನಿಯಮ. 30,000 ಸಹಿ ತಂದರೆ ಸಂಸತ್ತು ಮಾಡಿದ ಕಾನೂನನ್ನು ಜನರ ಮತಕ್ಕೆ ಹಾಕಲೇಬೇಕು. ಹೊರಗಿದ್ದ ಕ್ಯಾಥೊಲಿಕರು ಈ ಅಸ್ತ್ರ ಹಿಡಿದು ಕಾನೂನಿನ ಮೇಲೆ ಕಾನೂನನ್ನು ತಡೆದರು. 1891ರ ಡಿಸೆಂಬರಿನಲ್ಲಿ ಒಂದು ದೊಡ್ಡ ರೈಲ್ವೆ ಕಂಪನಿ ಕೊಳ್ಳುವ ಸರ್ಕಾರದ ಯೋಜನೆ ಜನಮತದಲ್ಲಿ ಬಿದ್ದುಹೋಯಿತು. ರೈಲ್ವೆ ನೋಡಿಕೊಳ್ಳುತ್ತಿದ್ದ ಎಮಿಲ್ ವೆಲ್ಟಿ ರಾಜೀನಾಮೆ ಕೊಟ್ಟರು. ಆ ಜಾಗಕ್ಕೆ ಸಂಸತ್ತು ಆರಿಸಿದ್ದು ಕ್ಯಾಥೊಲಿಕ್ ಬಣದ ಯೋಸೆಫ್ ಝೆಂಪ್ ಅವರನ್ನು! ರೈಲ್ವೆ ಇಲಾಖೆಯೂ ಅವರ ಪಾಲಿಗೇ ಬಂತು. 1898ರಲ್ಲಿ ರೈಲ್ವೆ ರಾಷ್ಟ್ರೀಕರಣಕ್ಕೆ ಜನ ಒಪ್ಪಿಗೆ ಕೊಟ್ಟಾಗ ಆ ಇಲಾಖೆಯಲ್ಲಿ ಇದ್ದವರು ಅವರೇ.

ತಡೆಯುವ ಶಕ್ತಿ ಇರುವವರನ್ನು ಒಳಗೆ ಕೂರಿಸಿಕೊಳ್ಳದೆ ಆಡಳಿತ ನಡೆಯುವುದಿಲ್ಲ. 1943ರಲ್ಲಿ ಸೋಷಿಯಲ್ ಡೆಮಾಕ್ರಟರೂ ಬಂದರು. 1959ರಿಂದ ನಾಲ್ಕು ಪಕ್ಷಗಳು 2-2-2-1ರಂತೆ ಹಂಚಿಕೊಂಡವು. ಇದು ಯಾವ ಕಾನೂನಿನಲ್ಲೂ ಬರೆದಿದ್ದಲ್ಲ, ಬರೀ ರೂಢಿ. 2003ರಲ್ಲಿ ಪಕ್ಷಗಳ ಪಾಲು ಬದಲಾಯಿತು, ಲೆಕ್ಕ ಉಳಿಯಿತು. ಕಾನೂನೊಂದನ್ನು ಜನಮತಕ್ಕೆ ಹಾಕಿಸಲು ಈಗ ನೂರು ದಿನದಲ್ಲಿ 50,000 ಸಹಿ ಬೇಕು. ದೊಡ್ಡ ಪಕ್ಷವೊಂದಕ್ಕೆ ಅದೇನೂ ಕಷ್ಟವಲ್ಲ.

ಇನ್ನು ಸಂಸತ್ತು. ಕೆಳಮನೆಯಲ್ಲಿ 200 ಸದಸ್ಯರು, ಜನಸಂಖ್ಯೆಯ ಲೆಕ್ಕದಲ್ಲಿ. ಮೇಲ್ಮನೆಯಲ್ಲಿ 46, ರಾಜ್ಯಗಳ ಲೆಕ್ಕದಲ್ಲಿ. ಅಲ್ಲಿ ರಾಜ್ಯಕ್ಕೆ ಕ್ಯಾಂಟನ್ ಅಂತಾರೆ. 15 ಲಕ್ಷಕ್ಕೂ ಜಾಸ್ತಿ ಜನರಿರುವ ಜ್ಯೂರಿಕ್‌ಗೂ ಎರಡು ಸ್ಥಾನ, 40 ಸಾವಿರವೂ ಇಲ್ಲದ ಊರಿಗೂ... ಹೌದು, ಉರಿ ಎಂಬ ಕ್ಯಾಂಟನ್‌ಗೂ ಎರಡೇ. ಆರು ಕ್ಯಾಂಟನ್‌ಗಳಿಗೆ ಮಾತ್ರ ಒಂದೊಂದು. ನಮ್ಮ ರಾಜ್ಯಸಭೆಯಲ್ಲಿ ಉತ್ತರ ಪ್ರದೇಶಕ್ಕೆ 31, ಕರ್ನಾಟಕಕ್ಕೆ 12 ಅಲ್ವಾ? ಸಣ್ಣ ರಾಜ್ಯದ ಕಡೆಯಿಂದ ನೋಡಿದರೆ ಈ ವ್ಯತ್ಯಾಸ ದೊಡ್ಡದು.

ಅದಕ್ಕಿಂತ ದೊಡ್ಡದು ಅಧಿಕಾರದ್ದು. ನಮ್ಮಲ್ಲಿ ಹಣಕಾಸು ಮಸೂದೆಯನ್ನು ರಾಜ್ಯಸಭೆ 14 ದಿನದಲ್ಲಿ ವಾಪಸ್ ಕಳಿಸಬೇಕು. ಬೇರೆ ಸಾಮಾನ್ಯ ಮಸೂದೆಗೆ ಜಗಳವಾದರೆ ಜಂಟಿ ಅಧಿವೇಶನ, ಅಲ್ಲಿ ಲೋಕಸಭೆಯ ತಲೆಗಳೇ ಜಾಸ್ತಿ. ಸ್ವಿಟ್ಜರ್ಲೆಂಡಿನಲ್ಲಿ ಎರಡೂ ಮನೆ ಸಮ ಸಮ. ಮೂರು ಸುತ್ತು ಓಡಾಡಿಯೂ ಒಮ್ಮತ ಬರದಿದ್ದರೆ ತಲಾ 13 ಸದಸ್ಯರು ಕೂತು ಒಂದು ರಾಜಿ ಪಠ್ಯ ತರುತ್ತಾರೆ. ಯಾವುದಾದರೂ ಒಂದು ಮನೆ ಬೇಡ ಎಂದರೆ ಮಸೂದೆ ಸತ್ತಂತೆ. ಬಜೆಟ್ಟನ್ನು ಹಾಗೆ ಸಾಯಿಸಲಾಗದು, ಅಲ್ಲಿ ಕಡಿಮೆ ಮೊತ್ತ ಒಪ್ಪಿದ ಮನೆಯ ತೀರ್ಮಾನ ನಿಲ್ಲುತ್ತದೆ.

ಇಷ್ಟೊಂದು ತಡೆಗಳಿಗೆ ಬೆಲೆಯೂ ಇದೆ. ಮಹಿಳೆಯರಿಗೆ ಮತದಾನದ ಹಕ್ಕು ಕೊಡಲು 1959ರ ಹೊತ್ತಿಗೇ ಸರ್ಕಾರವೂ ಎರಡು ಮನೆಗಳೂ ಒಪ್ಪಿದ್ದವು. ಸಂವಿಧಾನದ ತಿದ್ದುಪಡಿಯಾದ್ದರಿಂದ ಜನರ ಬಹುಮತ, ಕ್ಯಾಂಟನ್‌ಗಳ ಬಹುಮತ ಎರಡೂ ಬೇಕಿತ್ತು. ಮತ ಹಾಕುವವರೆಲ್ಲ ಗಂಡಸರು. ಮೂರನೇ ಎರಡರಷ್ಟು ಜನ ಬೇಡ ಎಂದರು. ಹಕ್ಕು ಸಿಕ್ಕಿದ್ದು 1971ರಲ್ಲಿ. ಆ ಏಳು ಕುರ್ಚಿಗಳಲ್ಲಿ ಮೊದಲ ಮಹಿಳೆ ಎಲಿಸಬೆತ್ ಕಾಪ್ ಕೂತಾಗ 1984 ಆಗಿತ್ತು. ಈ ವ್ಯವಸ್ಥೆಯನ್ನು ಮೆಚ್ಚುವ ನಾನು ಈ ವಿಳಂಬವನ್ನು ಮಾತ್ರ ಯಾವತ್ತೂ ಸಮರ್ಥಿಸಲಾರೆ.