ಆಫ್ ಮಾಡಿದಲ್ಲೇ ನಿಂತ ಗಡಿಯಾರ

ಸಾಗರದ ಹತ್ತಿರದ ಹಳ್ಳಿಯಲ್ಲಿರುವ ನನ್ನ ಸೋದರಮಾವ ಅಡಿಕೆಯ ಲೆಕ್ಕವನ್ನೆಲ್ಲ 2010ರಲ್ಲಿ ಕೊಂಡ ಡೆಸ್ಕ್‌ಟಾಪಿನಲ್ಲಿ ಇಟ್ಟಿದ್ದಾರೆ. ಒಂದು ಮಳೆಗಾಲದ ಸಂಜೆ ಅವರ ಫೋನ್ ಬಂತು. "ಕಂಪ್ಯೂಟರ್ ಏಳ್ತಾ ಇಲ್ಲ ಮಾರಾಯ. ನೀಲಿ ಬಣ್ಣ ಬರ್ತದೆ, ಇಂಗ್ಲಿಷಿನಲ್ಲಿ ಏನೋ ಬೈತದೆ, ಮತ್ತೆ ಮೊದಲಿಂದ ಶುರು ಮಾಡ್ತದೆ." ಅದಾಗಲೇ ಪೇಟೆಯ ಅಂಗಡಿಗೆ ಒಯ್ದು ತೋರಿಸಿದ್ದರು. ಹಾರ್ಡ್ ಡಿಸ್ಕ್ ಫಾರ್ಮ್ಯಾಟ್ ಮಾಡಿ ವಿಂಡೋಸ್ ಹೊಸದಾಗಿ ಹಾಕಬೇಕು, ಅದಕ್ಕೂ ಬಗ್ಗದಿದ್ದರೆ ಮದರ್‌ಬೋರ್ಡೇ ಹೋಗಿದೆ ಎಂದರ್ಥ ಎಂದು ಅಲ್ಲಿಯ ಹುಡುಗ ಹೇಳಿ ಕಳಿಸಿದ್ದನಂತೆ.

ನಾನು ಕೇಳಿದ್ದು ಒಂದೇ ಪ್ರಶ್ನೆ. "ಮಾವ, ಅದರಲ್ಲಿ ಗಂಟೆ ಸರಿ ತೋರಿಸ್ತಿತ್ತಾ?"

"ಅದು ಎರಡು ತಿಂಗಳಿಂದ ಹಿಂದೆ ಬಿದ್ದಿತ್ತು. ಆಫ್ ಮಾಡಿದಾಗ ಎಷ್ಟು ಗಂಟೆಯಿತ್ತೋ, ಮಾರನೇ ದಿನ ಹಾಕಿದರೆ ಅಲ್ಲಿಂದಲೇ ಶುರು. ಗೋಡೆ ಮೇಲೆ ಗಡಿಯಾರ ಇದೆಯಲ್ಲ, ಅದಕ್ಕೇನು ಬಿಡು."

ಅದಕ್ಕೇ ಎಲ್ಲ.

ಗುಂಡಿ ಒತ್ತಿದ ಕೂಡಲೇ ವಿಂಡೋಸ್ ಬರುತ್ತದೆ ಎಂದು ನಮಗನಿಸುತ್ತದೆ. ನಿಜಕ್ಕೂ ಅದು ಬರುವುದು ಕೊನೆಗೆ, ಎಲೆಗೆ ಎಲ್ಲ ಬಡಿಸಿಯಾದ ಮೇಲೆ ಬಂದು ಕೂರುವ ಯಜಮಾನರ ಹಾಗೆ. ಮೊದಲು ಎಚ್ಚರವಾಗುವುದು ಎಸ್‌ಎಂಪಿಎಸ್, ಅಂದರೆ ಕ್ಯಾಬಿನೆಟ್ಟಿನ ಹಿಂಭಾಗದಲ್ಲಿ ಫ್ಯಾನ್ ತಿರುಗಿಸುತ್ತ ಕೂತ ಪೆಟ್ಟಿಗೆ. ಗೋಡೆಯ 230 ವೋಲ್ಟ್ ಎಸಿಯನ್ನು 12, 5 ಮತ್ತು 3.3 ವೋಲ್ಟ್‌ಗಳ ಡಿಸಿಯಾಗಿ ಇಳಿಸುವುದು ಅದರ ಕೆಲಸ. ಇಳಿಸಿದ ವೋಲ್ಟೇಜು ಅಲುಗಾಡದೆ ನಿಂತಿದೆ ಎಂದು ಖಾತ್ರಿಯಾದ ಮೇಲಷ್ಟೇ ಒಂದು ಬೂದು ತಂತಿಯ ಮೂಲಕ ಮದರ್‌ಬೋರ್ಡ್‌ಗೆ 'ಇನ್ನು ಶುರುಮಾಡಬಹುದು' ಎಂಬ ಸಂಕೇತ ಕೊಡುತ್ತದೆ. ಇದಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗದಿಂದ ಅರ್ಧ ಸೆಕೆಂಡು ಬೇಕು. ಅಲ್ಲಿಯವರೆಗೂ ಪ್ರೊಸೆಸರನ್ನು ಕೈಹಿಡಿದು ಕೂರಿಸಿದಂತೆಯೇ.

ಆ ಹಿಡಿತ ಬಿಟ್ಟಾಗ ಪ್ರೊಸೆಸರಿಗೆ ಏನೂ ನೆನಪಿರುವುದಿಲ್ಲ. ರ‍್ಯಾಮ್ ಖಾಲಿ, ಡಿಸ್ಕ್ ಎಂಬುದೊಂದು ಇದೆಯೆಂದೂ ಗೊತ್ತಿಲ್ಲ. ಹುಟ್ಟುವಾಗಲೇ ಹಣೆಯಲ್ಲಿ ಬರೆದಂತಿರುವ ಒಂದೇ ಒಂದು ವಿಳಾಸ ಗೊತ್ತು. 1978ರ 8086 ಪ್ರೊಸೆಸರಿನಲ್ಲಿ ಅದು ಒಂದು ಮೆಗಾಬೈಟಿನ ಕಟ್ಟಕಡೆಯ 16 ಬೈಟ್‌ಗಳ ಆರಂಭವಾಗಿತ್ತು. 80386ರಿಂದ ಮುಂದಿನವುಗಳಲ್ಲಿ ನಾಲ್ಕು ಗಿಗಾಬೈಟಿನ ಕಟ್ಟಕಡೆಯ 16 ಬೈಟ್‌ಗಳ ಆರಂಭವಾಯಿತು. ಅಷ್ಟು ಕಿರಿದಾದ ಜಾಗದಲ್ಲಿ ಬರೆಯಲು ಸಾಧ್ಯವಾಗುವುದು 'ಇಂಥ ಕಡೆಗೆ ಹೋಗು' ಎಂಬ ಆದೇಶವಷ್ಟೇ. ಅದು ಕರೆದೊಯ್ಯುವುದು ಮದರ್‌ಬೋರ್ಡಿನ ಚಿಪ್ಪೊಂದರಲ್ಲಿ ಕೂತಿರುವ, ಯಂತ್ರವನ್ನು ಎಬ್ಬಿಸುವ ಬಯೋಸ್ ಎಂಬ ಪುಟ್ಟ ಪ್ರೋಗ್ರಾಮಿನ ಬಳಿಗೆ. ಅಮೆರಿಕದ ಪ್ರೋಗ್ರಾಮರ್ ಗ್ಯಾರಿ ಕಿಲ್ಡಾಲ್ 1970ರ ದಶಕದಲ್ಲಿ, ವಿಂಡೋಸಿಗಿಂತ ಹಳೆಯದಾದ ತಮ್ಮ ಸಿಪಿ/ಎಂ ಎಂಬ ಕಾರ್ಯಾಚರಣಾ ವ್ಯವಸ್ಥೆಗಾಗಿ ಇಟ್ಟ ಹೆಸರು ಅದು. ಈಗಿನ ಯಂತ್ರಗಳಲ್ಲಿ ಆ ಜಾಗಕ್ಕೆ ಯುಇಎಫ್‌ಐ ಬಂದಿದ್ದರೂ ಅಂಗಡಿಗಳಲ್ಲಿ ಎಲ್ಲರ ಬಾಯಲ್ಲೂ ಇನ್ನೂ ಬಯೋಸೇ.

ಬಯೋಸ್ ರ‍್ಯಾಮ್ ಇದೆಯೇ, ಡಿಸ್ಪ್ಲೇ ಇದೆಯೇ, ಕೀಬೋರ್ಡ್ ಇದೆಯೇ ಎಂದು ತಡಕಾಡಿ ನೋಡುತ್ತದೆ. ಇವೆಲ್ಲ ಆದ ಮೇಲೆ ಡಿಸ್ಕಿನ ಮೊದಲ 512 ಬೈಟ್‌ಗಳನ್ನು ಓದುತ್ತದೆ. ಕೊನೆಯ ಎರಡು ಬೈಟ್‌ಗಳಲ್ಲಿ 55 ಮತ್ತು ಎಎ ಎಂಬ ಗೊತ್ತುಪಡಿಸಿದ ಗುರುತು ಇದ್ದರೆ ಇಲ್ಲಿಂದ ಬೂಟ್ ಮಾಡಬಹುದು ಎಂದು ನಂಬಿ ಆಡಳಿತವನ್ನು ಅಲ್ಲಿಗೆ ಒಪ್ಪಿಸುತ್ತದೆ. ವಿಂಡೋಸಿನ ಪ್ರವೇಶ ಅಲ್ಲಿಂದ ಮುಂದೆ. 'ಬೂಟ್ ಮಾಡಲು ಡಿಸ್ಕ್ ಇಲ್ಲ' ಎಂಬ ಸಂದೇಶ ಕಂಡು ಗಾಬರಿಯಾದವರು ಮೊದಲು ಯುಎಸ್‌ಬಿ ಕಿಂಡಿಗಳನ್ನು ನೋಡಬೇಕು. ಯಾರೋ ಮರೆತು ಬಿಟ್ಟ ಪೆನ್‌ಡ್ರೈವನ್ನೇ ಡಿಸ್ಕ್ ಎಂದುಕೊಂಡು ಅದು ಪರದಾಡುತ್ತಿರುತ್ತದೆ. ಇದನ್ನು ಪತ್ತೆಮಾಡಿಯೇ ನಾನು ನೆಂಟರಲ್ಲಿ ಎಂಜಿನಿಯರ್ ಎನಿಸಿಕೊಂಡದ್ದು.

ಹಳೆಯ ಕಂಪ್ಯೂಟರ್ ಏಳದಿದ್ದಾಗ ಏನು ಕೆಟ್ಟಿದೆ ಎಂಬುದಕ್ಕಿಂತ ಮೊದಲು ಎಲ್ಲಿಯವರೆಗೆ ಬಂದು ನಿಂತಿತು ಎಂದು ಕೇಳಬೇಕು. ಫ್ಯಾನೇ ತಿರುಗದಿದ್ದರೆ ವಿಂಡೋಸನ್ನು ಬೈದು ಪ್ರಯೋಜನವಿಲ್ಲ. ಫ್ಯಾನ್ ತಿರುಗಿ ಪರದೆ ಕಪ್ಪಾಗಿಯೇ ಇದ್ದರೆ ಡಿಸ್ಕ್ ಇನ್ನೂ ಚಿತ್ರಕ್ಕೇ ಬಂದಿಲ್ಲ. ಕಂಪನಿಯ ಲಾಂಛನ ಕಂಡು, ವಿಂಡೋಸಿನ ಗುರುತೂ ಕಂಡು, ಆಮೇಲೆ ನೀಲಿ ಪರದೆ ಬಂತೆಂದರೆ ಎಸ್‌ಎಂಪಿಎಸ್, ಪ್ರೊಸೆಸರ್, ರ‍್ಯಾಮ್ ಎಲ್ಲ ತಕ್ಕಮಟ್ಟಿಗೆ ನೆಟ್ಟಗಿವೆ. ಮದರ್‌ಬೋರ್ಡ್ ಪೂರ್ತಿ ಸತ್ತಿದ್ದರೆ ಬೈಯಲಿಕ್ಕೂ ಅದಕ್ಕೆ ಬಾಯಿ ಇರುತ್ತಿರಲಿಲ್ಲ. ಹುಡುಗನ ಮಾತು ನನಗೆ ಹಿಡಿಸದಿದ್ದುದು ಇದಕ್ಕೇ.

ಈಗ ಗಡಿಯಾರಕ್ಕೆ ಬರೋಣ. ಮದರ್‌ಬೋರ್ಡಿನ ಒಂದು ಮೂಲೆಯಲ್ಲಿ ನಾಣ್ಯದಂಥ ಸೆಲ್ ಇರುತ್ತದೆ. ಹೆಸರು ಸಿಆರ್2032. ಆ ಅಂಕಿಗಳೇ ಅದರ ಅಳತೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಲಿಥಿಯಂ ಮತ್ತು ಮ್ಯಾಂಗನೀಸ್ ಡೈಆಕ್ಸೈಡಿನಿಂದ 3 ವೋಲ್ಟ್ ಕೊಡುತ್ತದೆ. ಅದರ ಪಕ್ಕದಲ್ಲೆಲ್ಲೋ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಲೋಹದ ಕೊಳವೆ, ಅದರೊಳಗೆ ಶ್ರುತಿಕವೆಯ ಆಕಾರಕ್ಕೆ ಕತ್ತರಿಸಿದ ಕ್ವಾರ್ಟ್ಸ್ ಹರಳು. ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಇದೇಕೆ ಇಂಥ ವಿಚಿತ್ರ ಸಂಖ್ಯೆ? ಹದಿನೈದು ಸಲ ಅರ್ಧ ಮಾಡುತ್ತ ಹೋಗಿ, ಸರಿಯಾಗಿ ಒಂದು ಉಳಿಯುತ್ತದೆ. ಎರಡರಿಂದ ಭಾಗಿಸುವ ಸರ್ಕಿಟ್ಟಿಗಿಂತ ಸರಳವಾದದ್ದು ಇಲ್ಲ. ಹದಿನೈದನ್ನು ಸಾಲಾಗಿ ಜೋಡಿಸಿದರೆ ಸೆಕೆಂಡಿನ ಮಿಡಿತ ಸಿಕ್ಕಿತು. ಗೋಡೆಯ ಕ್ವಾರ್ಟ್ಸ್ ಗಡಿಯಾರದಲ್ಲೂ ಸಾಮಾನ್ಯವಾಗಿ ಇದೇ ಹರಳು, ಇದೇ ಲೆಕ್ಕ.

ಮೊದಮೊದಲು ಪಿಸಿಗೆ ಈ ಭಾಗ್ಯ ಇರಲಿಲ್ಲ. 1981ರ ಐಬಿಎಂ ಪಿಸಿಯಲ್ಲಿ ಯಾವ ಡಿಸ್ಪ್ಲೇ, ಎಷ್ಟು ಮೆಮರಿ ಎಂಬುದನ್ನು ಬೋರ್ಡಿನ ಮೇಲಿನ ಪುಟ್ಟ ಸ್ವಿಚ್ಚುಗಳನ್ನು ಕೈಯಿಂದ ಒತ್ತಿ ಹೇಳಬೇಕಿತ್ತು. ದಿನಾಂಕವನ್ನು ಪ್ರತಿ ಸಲ ಟೈಪ್ ಮಾಡಬೇಕಿತ್ತು. 1984ರ ಐಬಿಎಂ ಎಟಿಯಲ್ಲಿ ಬ್ಯಾಟರಿಯ ಮೇಲೆ ನಡೆಯುವ ಗಡಿಯಾರದ ಚಿಪ್ ಬಂತು. ಅದರಲ್ಲಿ 64 ಬೈಟ್ ನೆನಪು, 14 ಗಡಿಯಾರಕ್ಕೆ, ಉಳಿದ 50 ಯಂತ್ರದ ಸೆಟ್ಟಿಂಗುಗಳಿಗೆ. ಕನ್ನಡದ ಒಂದೊಂದು ಯುನಿಕೋಡ್ ಚಿಹ್ನೆಗೆ ಈಗ ಯುಟಿಎಫ್-8 ಎಂಬ ಬರಹದ ಸಂಕೇತ ಪದ್ಧತಿಯಲ್ಲಿ 3 ಬೈಟ್ ಬೇಕು. ಆ 50 ಬೈಟಿನಲ್ಲಿ ನನ್ನ ಮಾವನ ಅಂಚೆ ವಿಳಾಸದ ಮೊದಲ ಸಾಲೂ ಹಿಡಿಸುವುದಿಲ್ಲ. ಮುಂದಿನ ಚಿಪ್ಪುಗಳಲ್ಲಿ ಜಾಗ ಹೆಚ್ಚಾಯಿತು. ಆದರೆ ಗಡಿಯಾರವೂ ಸೆಟ್ಟಿಂಗೂ ಒಂದೇ ಸೆಲ್ಲಿನ ಅನ್ನ ತಿನ್ನುವ ಒಡನಾಟ ಬಹುಕಾಲ ಹಾಗೇ ಉಳಿಯಿತು. ಒಂದಕ್ಕೆ ಹಸಿವಾದರೆ ಇನ್ನೊಂದಕ್ಕೂ ಆಗುತ್ತದೆ.

ಸೆಲ್ ಎಷ್ಟು ಕಾಲ ಬಾಳುತ್ತದೆ? ಅದರಲ್ಲಿರುವುದು ಸುಮಾರು 220 ಮಿಲಿಆಂಪಿಯರ್-ಗಂಟೆ. ಗಡಿಯಾರ ಎಳೆಯುವುದು ಕೆಲವೇ ಮೈಕ್ರೋಆಂಪಿಯರ್. ಐದು ಎಂದು ಹಿಡಿದರೆ 44,000 ಗಂಟೆ, ಅಂದರೆ ಐದು ವರ್ಷ. ಆದರೆ ಯಂತ್ರಕ್ಕೆ ಗೋಡೆಯ ಕರೆಂಟು ಸಿಗುತ್ತಿರುವಾಗ, ಕಂಪ್ಯೂಟರ್ ಆಫ್ ಆಗಿದ್ದರೂ, ಎಸ್‌ಎಂಪಿಎಸ್ 5 ವೋಲ್ಟಿನ ಒಂದು ಸಣ್ಣ ಧಾರೆಯನ್ನು ಹರಿಸುತ್ತಲೇ ಇರುತ್ತದೆ. ಆಗ ಗಡಿಯಾರಕ್ಕೆ ಸೆಲ್ಲಿನ ಹಂಗಿಲ್ಲ. ನಮ್ಮಲ್ಲಿ ಹಾಗಲ್ಲವಲ್ಲ! ನಮ್ಮ ಪ್ರತಿ ಪ್ಲಗ್ಗಿನ ಪಕ್ಕದಲ್ಲೂ ಸ್ವಿಚ್ ಇದೆ, ಮಲಗುವ ಮುಂಚೆ ಅದನ್ನು ಆರಿಸದಿದ್ದರೆ ಹಿರಿಯರಿಗೆ ನಿದ್ದೆ ಹತ್ತುವುದಿಲ್ಲ. ಮಾವ ದಿನಕ್ಕೆ ನಾಲ್ಕು ಗಂಟೆ ಕಂಪ್ಯೂಟರ್ ಹಾಕಿದರೆ ಉಳಿದ ಇಪ್ಪತ್ತು ಗಂಟೆ ಗಡಿಯಾರ ಸೆಲ್ಲಿನ ಮೇಲೆಯೇ ಬದುಕಬೇಕು.

ಸೆಲ್ ಸೊರಗುತ್ತ ಬಂದಾಗ ಸಾಮಾನ್ಯವಾಗಿ ಮೊದಲು ಕಾಣುವ ಲಕ್ಷಣವೇ ಗಂಟೆ ಹಿಂದೆ ಬೀಳುವುದು. ಮಾವನ ಯಂತ್ರ ದಿನಕ್ಕೆ ಇಪ್ಪತ್ತು ಗಂಟೆಯಂತೆ ಎರಡು ತಿಂಗಳಲ್ಲಿ ಐವತ್ತು ದಿನ ಹಿಂದಾಗಿತ್ತು. ಇದರಿಂದ ಇನ್ನೊಂದು ಒಗಟೂ ಬಿಡಿಸಿತು. ಕೆಲವು ವೆಬ್‌ಸೈಟ್ ತೆರೆಯುತ್ತವೆ, ಬ್ಯಾಂಕಿನದು ತೆರೆಯುವುದಿಲ್ಲ ಎಂದು ಅವರು ಗೊಣಗುತ್ತಿದ್ದರು. ಸುರಕ್ಷಿತ ಸೈಟುಗಳು ತಮ್ಮ ಗುರುತಿಗೆ ಒಂದು ಪ್ರಮಾಣಪತ್ರ ತೋರಿಸುತ್ತವೆ, ಅದರಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಬರೆದಿರುತ್ತದೆ. ಕಳೆದ ಐವತ್ತು ದಿನಗಳಲ್ಲಿ ಪ್ರಮಾಣಪತ್ರ ಹೊಸದು ಮಾಡಿಸಿಕೊಂಡ ಸೈಟು ಮಾವನ ಕಂಪ್ಯೂಟರಿನ ಪಾಲಿಗೆ ಇನ್ನೂ ಹುಟ್ಟದ ಮಗು. ಅವರು ಮಾತ್ರ ಇಂಟರ್ನೆಟ್ಟಿನವನಿಗೆ ಎರಡು ಸಲ ದೂರು ಕೊಟ್ಟಿದ್ದರು.

ಆಮೇಲೆ ಮದುವೆಯೊಂದಕ್ಕೆ ಹೋಗಿ ವಾರ ಕಳೆದು ಬಂದು ಹಾಕಿದಾಗ ನೆನಪೂ ಅಳಿದಿತ್ತು. ಸೆಟ್ಟಿಂಗುಗಳ ಮೊತ್ತ ತಾಳೆಯಾಗುತ್ತಿಲ್ಲ, ಕಾರ್ಖಾನೆಯ ಸೆಟ್ಟಿಂಗು ಹಾಕಿದ್ದೇನೆ, ಮುಂದುವರಿಯಲು ಎಫ್1 ಒತ್ತಿ ಎಂದು ಬಯೋಸ್ ಕೇಳಿತು. ಮಾವ ಒತ್ತಿದರು. ಆಗ ಬಂತು ನೀಲಿ ಪರದೆ. ವಾಟ್ಸಾಪಿನಲ್ಲಿ ಕಳಿಸಿದ ಮಸುಕು ಫೋಟೋವನ್ನು ಹಿಗ್ಗಿಸಿ ನೋಡಿದೆ. ಸೊನ್ನೆಗಳ ಸಾಲಿನ ಕೊನೆಗೆ 7ಬಿ ಎಂದಿತ್ತು. ತಾನಿರುವ ಡಿಸ್ಕೇ ತನ್ನ ಕೈಗೆ ಸಿಗುತ್ತಿಲ್ಲ ಎಂದು ವಿಂಡೋಸ್ ಹೇಳುವ ಸಂಕೇತ ಅದು.

ಡಿಸ್ಕ್ ಕೆಟ್ಟಿರಲಿಲ್ಲ. ಆ ಕಾಲದ ಮದರ್‌ಬೋರ್ಡುಗಳು ಸಾಟಾ ಎಂಬ ಕೇಬಲ್ಲಿನಿಂದ ಜೋಡಿಸಿದ ಡಿಸ್ಕನ್ನು ಎರಡು ರೀತಿಯಲ್ಲಿ ತೋರಿಸಬಲ್ಲವು: ಹಳೆಯ ಐಡಿಇಯ ವೇಷದಲ್ಲಿ, ಇಲ್ಲವೇ ಎಎಚ್‌ಸಿಐ ಎಂಬ ಹೊಸ ಪದ್ಧತಿಯಲ್ಲಿ. ಮಾವನ ವಿಂಡೋಸ್ 7 ಅನ್ನು ಹಾಕಿದ್ದು ಎರಡನೆಯದರಲ್ಲಿ. ಹಾಕುವಾಗ ಯಾವುದಿತ್ತೋ ಅದರ ಡ್ರೈವರನ್ನು, ಅಂದರೆ ಡಿಸ್ಕಿನೊಡನೆ ಮಾತಾಡುವ ಪುಟ್ಟ ಪ್ರೋಗ್ರಾಮನ್ನು, ಮಾತ್ರ ಅದು ಬೂಟ್ ಆಗುವ ಹೊತ್ತಿಗೆ ಸಿದ್ಧವಿಟ್ಟುಕೊಳ್ಳುತ್ತದೆ. ಕಾರ್ಖಾನೆಯ ಸೆಟ್ಟಿಂಗ್ ಐಡಿಇ ಆಗಿತ್ತು. ಕೈಯಲ್ಲಿ ಮುಂಬಾಗಿಲಿನ ಕೀಲಿಯಿದೆ, ತೆರೆಯಬೇಕಾದದ್ದು ಹಿತ್ತಿಲ ಬಾಗಿಲು. ಫಾರ್ಮ್ಯಾಟ್ ಮಾಡಿದ್ದರೆ ಯಂತ್ರ ಖಂಡಿತ ಏಳುತ್ತಿತ್ತು, ಹುಡುಗನ ಮಾತು ಸುಳ್ಳೂ ಆಗುತ್ತಿರಲಿಲ್ಲ. ವರ್ಷಗಳ ಅಡಿಕೆ ಲೆಕ್ಕ ಹೋಗುತ್ತಿತ್ತು, ಸೆಲ್ ಖಾಲಿಯಾಗಿಯೇ ಇರುತ್ತಿತ್ತು.

ಆ ಶನಿವಾರ ಊರಿಗೆ ಹೋದೆ. ಗೋಡೆಯ ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು ಒಳಗೆ ಉಳಿದ ಚಾರ್ಜನ್ನು ಖಾಲಿ ಮಾಡಿ ಕ್ಯಾಬಿನೆಟ್ ಬಿಚ್ಚಿದೆ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಬಿಚ್ಚಲಿಲ್ಲ, ಯಾರೂ ಮನೆಯಲ್ಲಿ ಬಿಚ್ಚಬಾರದು. 230 ವೋಲ್ಟಿನ ಶೃಂಗ 325 ವೋಲ್ಟ್, ಒಳಗಿನ ಕೆಪಾಸಿಟರು ಪ್ಲಗ್ ಕಿತ್ತ ಮೇಲೂ ಅದನ್ನು ಹಿಡಿದಿಟ್ಟುಕೊಂಡಿರಬಹುದು. ಒಂದು ಸತ್ತ ಹಲ್ಲಿ, ಅಂಗೈ ತುಂಬ ಧೂಳು, ಇರುವೆಯ ಮೊಟ್ಟೆ. ಸೆಲ್ಲಿಗೆ ಮಲ್ಟಿಮೀಟರ್ ಹಿಡಿದರೆ 2.2 ವೋಲ್ಟ್.

ಬಿಚ್ಚಿದ ಮೇಲೆ ಉಳಿದದ್ದನ್ನೂ ನೋಡಿದೆ. ರ‍್ಯಾಮಿನ ಅಂಚಿನ ಸಂಪರ್ಕಗಳ ಮೇಲಿನ ಚಿನ್ನದ ಲೇಪ ಮೈಕ್ರಾನಿಗಿಂತ ತೆಳು. ದಿನಾ ಬಿಸಿಯಾಗಿ ಹಿಗ್ಗಿ, ಆರಿ ಕುಗ್ಗಿ, ಸಂಪರ್ಕ ಕೂದಲೆಳೆಯಷ್ಟು ಸರಿದಾಡುತ್ತದೆ. ಮಲೆನಾಡಿನ ತೇವ ಸೇರಿದರೆ ಅಲ್ಲೊಂದು ಪೊರೆ ಕಟ್ಟುತ್ತದೆ. ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು, ಬೀಪ್ ಬೀಪ್ ಸದ್ದು ಎಂಬ ದೂರಿನಲ್ಲಿ ಬಹಳ ಸಲ ಇದೇ ಕಾರಣ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯವರೂ ನಮ್ಮೂರಿನವರೂ ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಕೊಡುತ್ತಾರೆ. ಅದು ಫಲಿಸುತ್ತದೆ, ಜೊತೆಗೆ ಚಿನ್ನವನ್ನೂ ಸವೆಸುತ್ತದೆ. ಬಿಚ್ಚಿ ಎರಡು ಸಲ ಒತ್ತಿ ಕೂರಿಸಿದರೆ ಆ ತಿಕ್ಕಾಟದಲ್ಲೇ ಎಷ್ಟೋ ಸಲ ಪೊರೆ ಹರಿಯುತ್ತದೆ.

ಇನ್ನು ಕೆಪಾಸಿಟರುಗಳು. ಬೆಳಿಗ್ಗೆ ಏಳದೆ, ನಾಲ್ಕೈದು ಸಲ ಒತ್ತಿದ ಮೇಲೆ ಎದ್ದು, ಮಧ್ಯಾಹ್ನವೆಲ್ಲ ಸರಿಯಿರುವ ಯಂತ್ರ ನೋಡಿದ್ದೀರಾ? ಅಲ್ಯೂಮಿನಿಯಂ ಡಬ್ಬಿಯೊಳಗಿನ ದ್ರವ ವರ್ಷಗಳಲ್ಲಿ ಒಣಗುತ್ತದೆ. ತಣ್ಣಗಿದ್ದಾಗ ಅದರ ಒಳರೋಧ ಹೆಚ್ಚು, ವೋಲ್ಟೇಜು ನಡುಗುತ್ತದೆ. ತುಸು ಬೆಚ್ಚಗಾದರೆ ರೋಧ ಇಳಿಯುತ್ತದೆ. ತಲೆ ಉಬ್ಬಿದ್ದರೆ, ಕಂದು ಅಂಟು ಒಸರಿದ್ದರೆ ಅನುಮಾನವೇ ಬೇಡ. 2000ದ ದಶಕದ ಮೊದಲ ವರ್ಷಗಳಲ್ಲಿ ತಯಾರಾದ ಎಷ್ಟೋ ಬೋರ್ಡುಗಳು ಕೆಟ್ಟ ದ್ರವದಿಂದಾಗಿ ಹೀಗೆ ಅಕಾಲದಲ್ಲಿ ಸತ್ತವು. ಸುತ್ತಲಿನ ಉಷ್ಣ ಹತ್ತು ಡಿಗ್ರಿ ಏರಿದರೆ ಇವುಗಳ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆ, ಹಾಗಾಗಿ ಧೂಳು ಒರೆಸುವುದು ಬರೀ ಅಂದಕ್ಕಲ್ಲ. ಮಾವನದರಲ್ಲಿ ತಲೆಗಳೆಲ್ಲ ಚಪ್ಪಟೆಯಾಗಿದ್ದವು.

ಡಿಸ್ಕ್ ಮಾತ್ರ ಟಿಕ್ ಟಿಕ್ ಎಂದು ಒಂದೇ ತಾಳದಲ್ಲಿ ಬಡಿಯುತ್ತಿದ್ದರೆ ಮತ್ತೆ ಮತ್ತೆ ಹಾಕಿ ನೋಡಬೇಡಿ. ನಿಮಿಷಕ್ಕೆ 7,200 ಸಲ ತಿರುಗುವ ತಟ್ಟೆಯ ಮೇಲೆ ಓದುವ ತಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತದೆ. ದಾರಿ ತಪ್ಪಿದ ತಲೆ ಪ್ರತಿ ಯತ್ನದಲ್ಲೂ ಇನ್ನಷ್ಟು ಗೀರಬಹುದು.

ಹೊಸ ಸೆಲ್ಲಿಗೆ ಕೊಟ್ಟದ್ದು ಒಂದು ಮಸಾಲೆ ದೋಸೆಗಿಂತ ಕಡಿಮೆ. ಹಾಕಿ, ಬಯೋಸಿಗೆ ಹೋಗಿ ದಿನಾಂಕ ತಿದ್ದಿ, ಡಿಸ್ಕಿನ ಪದ್ಧತಿಯನ್ನು ಎಎಚ್‌ಸಿಐಗೆ ತಂದು ಉಳಿಸಿದೆ. ವಿಂಡೋಸ್ ಏನೂ ಆಗದವರಂತೆ ಎದ್ದು ಬಂತು. ಲೆಕ್ಕದ ಕಡತಗಳನ್ನು ಮೊದಲು ಪೆನ್‌ಡ್ರೈವಿಗೆ ತೆಗೆದೆ. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಬೆಂಬಲ ನಿಂತಿದೆ, ಬ್ಯಾಂಕಿನ ಕೆಲಸ ಇದರಲ್ಲಿ ಮಾಡಬೇಡಿ ಎಂದೂ ಹೇಳಿದೆ. ಅದಕ್ಕೆ ಮಾವ ಹೂಂ ಅಂದರು, ಒಪ್ಪಿದ ಹೂಂ ಅಲ್ಲ.

"ಮತ್ತೆ ಗೋಡೆಯ ಸ್ವಿಚ್ ಹಾಕಿಯೇ ಇಟ್ಟರೆ ಸೆಲ್ ಹೆಚ್ಚು ಕಾಲ ಬರ್ತದೆ" ಎಂದೆ.

ಅವರು ಕಿಟಕಿಯಾಚೆ ಕೈ ತೋರಿಸಿದರು. ತೋಟದ ಮೇಲೆ ಮೋಡ ಕಪ್ಪಾಗಿತ್ತು. "ಸಿಡಿಲು ಬಂದರೆ ಯಾರು ಹೊಣೆ?"

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಪ್ಯಾಕೆಟ್ಟಿನಲ್ಲಿ ಉಳಿದಿದ್ದ ಇನ್ನೊಂದು ಸೆಲ್ಲನ್ನು ಕ್ಯಾಬಿನೆಟ್ಟಿನ ಬಾಗಿಲ ಒಳಗೆ ಅಂಟಿಸಿ, ಪಕ್ಕದಲ್ಲಿ ಆ ದಿನದ ತಾರೀಕು ಬರೆದೆ. ಮಾವ ಎದ್ದು ಪ್ಲಗ್ ಕಿತ್ತರು.