ಸೆಂಟ್ರಲ್ ಸೆನ್ಸಿಟೈಸೇಷನ್: ರಿಪೋರ್ಟೆಲ್ಲಾ ನಾರ್ಮಲ್, ನೋವು ಮಾತ್ರ ಹೋಗಲ್ಲ

ಉರಿಯೂತ ಇದೆಯಾ ಅಂತ ನೋಡುವ ಇ.ಎಸ್.ಆರ್. ರಕ್ತಪರೀಕ್ಷೆ ನಾರ್ಮಲ್, ಎಕ್ಸ್‌ರೇ ನಾರ್ಮಲ್, ಥೈರಾಯ್ಡ್ ನಾರ್ಮಲ್. ಆದರೂ ಪಿಯುಸಿ ಓದುವ ಹುಡುಗಿಗೆ ತಿಂಗಳುಗಟ್ಟಲೆ ಮೈಕೈ ನೋವು. ರಾತ್ರಿಯಿಡೀ ಮಲಗಿ ಎದ್ದರೂ ಸುಸ್ತು. ನಮ್ಮ ಮಂಡ್ಯ ಕಡೆ ಇಂಥದ್ದಕ್ಕೆ ಮೊದಲು ‘ವಾಯು’ ಅನ್ನುತ್ತಾರೆ. ಆಮೇಲೆ ‘ನರ ಎಳೆದಿದೆ’. ಪರೀಕ್ಷೆ ಹತ್ತಿರ ಬಂತೋ, ‘ನಾಟಕ’.

ಫೈಬ್ರೊಮಯಾಲ್ಜಿಯ ಎಂಬ, ಮೈಯೆಲ್ಲಾ ಬಹುಕಾಲ ನೋಯುವ ಕಾಯಿಲೆ ಇದ್ದವರಲ್ಲಿ ಹೀಗಾಗುತ್ತದೆ. ಹದಿಹರೆಯದಲ್ಲೂ ಬರುತ್ತದೆ, ಹುಡುಗಿಯರಲ್ಲಿ ಜಾಸ್ತಿ. ಇದರಲ್ಲಿ ಮಿದುಳು ಮತ್ತು ಬೆನ್ನುಹುರಿ ನೋವಿಗೆ ವಿಪರೀತ ಸೂಕ್ಷ್ಮವಾಗಿಬಿಡುತ್ತವೆ. ಡಾಕ್ಟರುಗಳು ಸೆಂಟ್ರಲ್ ಸೆನ್ಸಿಟೈಸೇಷನ್ ಅನ್ನೋದು ಇದನ್ನೇ.

ಕಾಲಿಗೆ ಮುಳ್ಳು ಚುಚ್ಚಿದರೆ ಸುದ್ದಿ ನರದ ಮೂಲಕ ಬೆನ್ನುಹುರಿಗೆ, ಅಲ್ಲಿಂದ ಮಿದುಳಿಗೆ ಹೋಗುತ್ತದೆ. ಮಿದುಳಿನಿಂದ ಕೆಳಕ್ಕೂ ಒಂದು ದಾರಿಯಿದೆ. ಅದು ನೋವಿನ ಸುದ್ದಿಯನ್ನು ಬೆನ್ನುಹುರಿಯಲ್ಲೇ ತಗ್ಗಿಸಬಲ್ಲದು. ಕಬಡ್ಡಿ ಆಡುವಾಗ ತರಚಿದ ಮಂಡಿ ಮನೆಗೆ ಬಂದ ಮೇಲೆ ಉರಿಯುತ್ತದಲ್ವಾ, ಅದರ ಹಿಂದೆ ಈ ತಡೆಯ ಕೈವಾಡವೂ ಇದೆ. ಫೈಬ್ರೊಮಯಾಲ್ಜಿಯದಲ್ಲಿ ಮೇಲೆ ಹೋಗುವ ಸುದ್ದಿ ಜೋರಾಗುತ್ತದೆ, ಕೆಳಗೆ ಬರುವ ತಡೆ ಸಡಿಲಾಗುತ್ತದೆ. ಊರಹಬ್ಬದ ಮೈಕ್‌ಸೆಟ್ಟಿನ ಗುಂಡಿಯನ್ನು ಪೂರ್ತಿ ತಿರುಗಿಸಿದರೆ ಪೇಪರ್ ಮಡಚಿದ್ದೂ ಬೀದಿಗೆಲ್ಲ ಕೇಳುತ್ತದೆ, ಹಾಗೆ. ಬ್ಯಾಗಿನ ಪಟ್ಟಿ ಹೆಗಲಿಗೆ ಒತ್ತಿದರೂ, ಅಮ್ಮ ಜಡೆ ಹೆಣೆಯುವಾಗ ಸ್ವಲ್ಪ ಎಳೆದರೂ ಈ ಮಕ್ಕಳು ‘ಅಯ್ಯೋ’ ಅನ್ನುತ್ತಾರೆ.

ಗಾಯವಾದ ಮೇಲೆ ಬೆನ್ನುಹುರಿಯೇ ಸೂಕ್ಷ್ಮವಾಗುತ್ತದೆ ಎಂದು ನೋವಿನ ಸಂಶೋಧಕ ಕ್ಲಿಫರ್ಡ್ ವುಲ್ಫ್ 1983ರಲ್ಲಿ ಇಲಿಗಳಲ್ಲಿ ತೋರಿಸಿದ್ದರು. ನನಗೆ ಅದಕ್ಕಿಂತ ಇಷ್ಟವಾಗೋದು 2002ರ ಹೆಬ್ಬೆರಳಿನ ಪ್ರಯೋಗ. ಅಮೆರಿಕದಲ್ಲಿ ರಿಚರ್ಡ್ ಗ್ರೇಸ್ಲಿ ತಂಡದವರು ಫೈಬ್ರೊಮಯಾಲ್ಜಿಯ ಇದ್ದವರನ್ನೂ ಇಲ್ಲದವರನ್ನೂ ಸ್ಕ್ಯಾನರ್‌ನಲ್ಲಿ ಮಲಗಿಸಿ, ಹೆಬ್ಬೆರಳಿನ ಉಗುರನ್ನು ಒತ್ತಿ ನೋಡಿದರು. ಕಾಯಿಲೆ ಇದ್ದವರಿಗೆ ಹಗುರವಾಗಿ ಒತ್ತಿದರೇ ನೋವು. ಇಲ್ಲದವರಿಗೆ ಅಷ್ಟೇ ನೋವಾಗಬೇಕಾದರೆ ಹೆಚ್ಚುಕಮ್ಮಿ ಎರಡರಷ್ಟು ಒತ್ತಬೇಕಾಯಿತು. ಹಾಗೆ ಒತ್ತಿದಾಗ ಇಬ್ಬರ ಮಿದುಳಿನಲ್ಲೂ ಬಹುತೇಕ ಅದೇ ಜಾಗಗಳು ಚುರುಕಾದವು. ನಾಟಕ ಅನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಾ?

ಅದು ದೊಡ್ಡವರ ಮೇಲೆ ನಡೆದ ಪ್ರಯೋಗ. ಈಚೆಗೆ ಹದಿಹರೆಯದ ಹುಡುಗಿಯರ ಮಿದುಳನ್ನೂ ಎಂ.ಆರ್.ಐ.ನಲ್ಲಿ ನೋಡಿದ್ದಾರೆ. ನೋವನ್ನು ಸಂಭಾಳಿಸುವ, ಸಿಂಗ್ಯುಲೇಟ್ ಅನ್ನುವ ಭಾಗದ ಒಂದು ಕಡೆ ಬೂದು ದ್ರವ್ಯ (ನರಕೋಶಗಳು ತುಂಬಿರುವ ಭಾಗ) ತುಸು ಕಡಿಮೆ ಕಂಡಿದೆ. ಕಾಯಿಲೆಯಿಂದ ಹಾಗಾಯಿತೋ, ಹಾಗಿದ್ದದ್ದರಿಂದ ಕಾಯಿಲೆ ಬಂತೋ ಅನ್ನೋದನ್ನು ಒಂದು ಸಲದ ಸ್ಕ್ಯಾನ್ ಹೇಳಲಾರದು. ಸಿಂಗ್ಯುಲೇಟ್‌ಗೆ ನೋವಿನ ಜೊತೆ ಭಯ, ಗಮನ ಇವುಗಳ ನಂಟೂ ಇದೆ. ಬಹುಶಃ ಅದಕ್ಕೇ ಚಿಂತೆ ಹೆಚ್ಚಾದಾಗ ನೋವೂ ಹೆಚ್ಚುತ್ತದೆ. ನಿದ್ದೆಗೆಟ್ಟರೂ ಅಷ್ಟೆ.

ಸಂಧಿವಾತ, ಥೈರಾಯ್ಡ್ ಇತ್ಯಾದಿ ಇಲ್ಲ ಅಂತ ಡಾಕ್ಟರೇ ಖಚಿತ ಮಾಡಬೇಕು, ಮನೆಯಲ್ಲಿ ಊಹಿಸುವಂಥದ್ದಲ್ಲ. ಡುಲೋಕ್ಸೆಟಿನ್ ಎಂಬ ಮಾತ್ರೆಯನ್ನು ಈ ಕಾಯಿಲೆಗೆ 13ರಿಂದ 17 ವರ್ಷದವರಿಗೆ ಕೊಡಲು ಅಮೆರಿಕ 2020ರಲ್ಲಿ ಒಪ್ಪಿಗೆ ನೀಡಿತು. ಆದರೆ ಮಾತ್ರೆಯೊಂದನ್ನೇ ನಂಬಿ ಕೂರುವ ಕಾಯಿಲೆ ಇದಲ್ಲ. ಹೊತ್ತಿಗೆ ಸರಿಯಾಗಿ ನಿದ್ದೆ, ನೋವಿನ ಜೊತೆ ದಿನ ಸಾಗಿಸುವುದನ್ನು ಕಲಿಸುವ ಸಿಬಿಟಿ ಎಂಬ ಮಾತಿನ ಚಿಕಿತ್ಸೆ, ದಿನವೂ ಸ್ವಲ್ಪ ವ್ಯಾಯಾಮ, ಮೂರೂ ಬೇಕು. ವ್ಯಾಯಾಮದಲ್ಲೇ ಎಡವುವವರು ಜಾಸ್ತಿ. ಇವತ್ತು ಹುಷಾರಾಗಿದ್ದೀನಿ ಅಂತ ಮೈಸೂರಿನ ಕುಕ್ಕರಹಳ್ಳಿ ಕೆರೆಗೆ ಪೂರ್ತಿ ಒಂದು ಸುತ್ತು ಹಾಕಿ, ಮಾರನೇ ದಿನ ಹಾಸಿಗೆ ಹಿಡಿಯುತ್ತಾರೆ. ಮೊದಲ ವಾರ ಐದು ನಿಮಿಷ ನಡೆದರೆ ಸಾಕು. ಮೈ ಒಗ್ಗಿದ ಮೇಲೆ ಒಂದೊಂದೇ ನಿಮಿಷ ಸೇರಿಸಬಹುದು.