ಫ್ಲೆಕ್ಸ್‌ನಲ್ಲಿ ಇಲ್ಲದ ಮುಂದಿನ ಸಾಲು

ಕಳೆದ ಭಾನುವಾರ ಮುಂಬೈಯ ಮಾಟುಂಗಾದಲ್ಲಿ ನಮ್ಮ ಓದಿನ ಗುಂಪು ಸೇರಿದ್ದಾಗ ಒಬ್ಬ ಗೆಳೆಯ ಕೇಳಿದ: "ಎಲ್ಲ ಪಕ್ಷದವರೂ ಬಾಬಾಸಾಹೇಬರ ಹೆಸರು ಹೇಳ್ತಾರೆ. ಅಂದ್ರೆ ಅವರ ವಿಚಾರವನ್ನು ಎಲ್ಲರೂ ಒಪ್ಪಿದ ಹಾಗೆ ಅಲ್ವಾ?" ಅಂದು ಹೊತ್ತಾಗಿತ್ತು, ಮಾತು ಅರ್ಧಕ್ಕೇ ನಿಂತಿತು. ರಾಜ್ಯಶಾಸ್ತ್ರದ ಪೇಪರಿಗೂ ಬೇಕಾಗುವ ಪ್ರಶ್ನೆ ಇದು. ಅದಕ್ಕೇ ಈ ಟಿಪ್ಪಣಿ.

ಮೊದಲು ದಾದರ್‌ಗೆ ಹೋಗೋಣ. ಅಂಬೇಡ್ಕರ್ 1956ರ ಡಿಸೆಂಬರ್ 6ರಂದು ದೆಹಲಿಯಲ್ಲಿ ತೀರಿಕೊಂಡರು. ಮರುದಿನ ಅಂತ್ಯಕ್ರಿಯೆ ನಡೆದದ್ದು ದಾದರ್ ಚೌಪಾಟಿಯಲ್ಲಿ. ಅದೇ ಈಗಿನ ಚೈತ್ಯಭೂಮಿ. ಪ್ರತಿ ವರ್ಷ ಡಿಸೆಂಬರ್ 6ರಂದು ಲಕ್ಷಗಟ್ಟಲೆ ಜನ ಅಲ್ಲಿಗೆ ಬರುತ್ತಾರೆ. ಹೋದ ವರ್ಷ ಸ್ಟೇಷನ್ನಿನಿಂದ ಶಿವಾಜಿ ಪಾರ್ಕ್ ಕಡೆಗೆ ನಡೆಯುವಾಗ ಒಂದು ಫ್ಲೆಕ್ಸ್ ಮುಂದೆ ನಿಂತೆ. ನಡುವೆ ನೀಲಿ ಕೋಟಿನ ಬಾಬಾಸಾಹೇಬ್. ಕೆಳಗೆ ಕೈಮುಗಿದ ಹನ್ನೊಂದು ಮುಖ. ಮೂಲೆಯಲ್ಲಿ ಅವರ ನಾಯಕರ ಮುಖ, ಅದು ಬಾಬಾಸಾಹೇಬರ ಮುಖಕ್ಕಿಂತ ಒಂದು ಕೈ ದೊಡ್ಡದು! ಬರೆದಿದ್ದು ಎರಡೇ ಪದ: 'ವಿನಮ್ರ ಅಭಿವಾದನ'. ಬಾಬಾಸಾಹೇಬರು ಆಡಿದ ಒಂದು ಮಾತೂ ಅಲ್ಲಿರಲಿಲ್ಲ. ಅದರ ಕೆಳಗೇ ಫುಟ್‌ಪಾತ್ ಮೇಲೆ ಪುಸ್ತಕದ ಅಂಗಡಿ. ಅಜ್ಜಿಯೊಬ್ಬರು ಮೂರು ಪುಸ್ತಕ ಕೊಂಡು, ಕಲಬುರ್ಗಿ ಕಡೆಯ ಮಾತಿನಲ್ಲಿ ಮೊಮ್ಮಗನಿಗೆ ಹೇಳುತ್ತಿದ್ದರು: "ನೀ ಓದಬೇಕು, ನಾ ಕೇಳಬೇಕು, ತಿಳೀತೇನು?"

ಮಾತು ಹಾಕಿದ ಫ್ಲೆಕ್ಸ್‌ಗಳೂ ಇರುತ್ತವೆ. ಅಲ್ಲಿ ಕಾಣುವುದು ಹೆಚ್ಚಾಗಿ 'ಶಿಕ್ಷಣ, ಸಂಘಟನೆ, ಹೋರಾಟ'. ಮರಾಠಿಯಲ್ಲೂ ಇದೇ ಕ್ರಮ. ಆದರೆ 1942ರಲ್ಲಿ ನಾಗಪುರದ ಸಮ್ಮೇಳನದಲ್ಲಿ ಅಂಬೇಡ್ಕರ್ ಇಂಗ್ಲಿಷಿನಲ್ಲಿ ಹೇಳಿದ್ದು 'ಎಜುಕೇಟ್, ಆಜಿಟೇಟ್, ಆರ್ಗನೈಸ್'. ಎರಡನೆಯದು ಮೂರನೆಯದಾಗಿದೆ, ಗಮನಿಸಿದಿರಾ? ಆಜಿಟೇಟ್ ಅಂದರೆ ಬೀದಿ ಹೋರಾಟವೇ ಆಗಬೇಕಿಲ್ಲ. ಮನಸ್ಸು ಕಲಕುವುದು, ಇದ್ದದ್ದನ್ನು ಪ್ರಶ್ನಿಸುವುದೂ ಅದೇ. ಹಾಗೆ ಓದಿಕೊಂಡರೆ ಕ್ರಮವೇ ಬೇರೆ ಆಗುತ್ತದೆ: ಕಲಿ, ಕುದಿ, ಆಮೇಲೆ ಕೂಡು. ಈ ಅದಲುಬದಲನ್ನು ರಾಜಕಾರಣಿಗಳ ತಲೆಗೆ ಕಟ್ಟಬೇಡಿ, ಚಳವಳಿಯವರೂ ಹೀಗೇ ಹೇಳುತ್ತಾರೆ. ಆದರೆ ಉತ್ತರ ಬರೆಯುವಾಗ ಮೂಲ ಕ್ರಮ ಕೊಟ್ಟರೆ ಓದಿಕೊಂಡಿದ್ದೀರಿ ಅಂತ ಗೊತ್ತಾಗುತ್ತದೆ.

ಫ್ಲೆಕ್ಸ್ ಮೇಲೆ ನಾನು ಇವತ್ತಿನವರೆಗೂ ನೋಡದ ಮಾತು ಇನ್ನೊಂದಿದೆ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಆಡಿದ್ದು. ಧರ್ಮದಲ್ಲಿ ಭಕ್ತಿ ಮುಕ್ತಿಯ ದಾರಿ ಆಗಬಹುದು, ರಾಜಕೀಯದಲ್ಲಿ ಮಾತ್ರ ಭಕ್ತಿ, ವ್ಯಕ್ತಿಪೂಜೆ ಅವನತಿಗೂ ಕೊನೆಗೆ ಸರ್ವಾಧಿಕಾರಕ್ಕೂ ಖಚಿತ ದಾರಿ ಎಂದರು. ಹನ್ನೊಂದು ಮುಖದ ಫ್ಲೆಕ್ಸ್ ಮೇಲೆ ಇದನ್ನು ಎಲ್ಲಿ ಅಂಟಿಸುವುದು ಹೇಳಿ!

ಈಗ ಅಮೆರಿಕ. ಅಲ್ಲಿನ ಕರಿಯರ ಹಕ್ಕುಗಳಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ 1963ರ ಆಗಸ್ಟ್ 28ರಂದು ವಾಷಿಂಗ್ಟನ್‌ನಲ್ಲಿ ಮಾಡಿದ ಭಾಷಣದ ಒಂದೇ ಸಾಲು ಎಲ್ಲರಿಗೂ ಬಾಯಿಪಾಠ: ತನ್ನ ನಾಲ್ಕು ಮಕ್ಕಳನ್ನು ಜನ ಮೈಬಣ್ಣದಿಂದಲ್ಲ, ಗುಣದಿಂದ ಅಳೆಯುವ ದಿನ ಬರಲಿ ಎಂಬ ಕನಸು. ಅಧ್ಯಕ್ಷ ರೇಗನ್ ಕಿಂಗ್ ಹೆಸರಿನ ರಜೆಗೆ ಮೊದಲು ಹಿಂದೆಮುಂದೆ ನೋಡಿದರು, ಖರ್ಚಿನ ಮಾತು ತೆಗೆದರು. 1983ರ ನವೆಂಬರ್‌ನಲ್ಲಿ ಕಾಯ್ದೆಗೆ ಸಹಿ ಹಾಕಿದರು. 1985ರ ರೇಡಿಯೊ ಭಾಷಣದಲ್ಲಿ ಇದೇ ಸಾಲನ್ನು ಹಿಡಿದು, ಕೆಲಸ ಕೊಡುವಾಗ ಕರಿಯರಿಗೆ ಕೋಟಾ ಇಡುವುದು ತಪ್ಪು ಎಂದು ವಾದಿಸಿದರು. ಸಾಲು ಕಿಂಗ್ ಅವರದೇ. ಬಳಸಿದ ದಿಕ್ಕು ಉಲ್ಟಾ.

ಉಲ್ಟಾ ಅಂತ ಯಾಕೆ ಹೇಳುತ್ತೇನೆ ಅಂದರೆ ಅದಕ್ಕೆ ಸಾಕ್ಷಿ ನಮ್ಮ ದೇಶದಲ್ಲೇ ಇದೆ. ಕಿಂಗ್ 1959ರಲ್ಲಿ ಭಾರತಕ್ಕೆ ಬಂದಿದ್ದರು. ಮುಂಬೈಯಲ್ಲಿ ಗಾಮ್‌ದೇವಿಯ ಮಣಿ ಭವನದಲ್ಲಿ, ಗಾಂಧಿ ಉಳಿಯುತ್ತಿದ್ದ ಮನೆಯಲ್ಲಿ ತಂಗಿದ್ದರು. ದೆಹಲಿಯಲ್ಲಿ ನೆಹರೂ ಮೀಸಲಾತಿಯ ಬಗ್ಗೆ ವಿವರಿಸಿದರು. ಇದೂ ತಾರತಮ್ಯವೇ ಅಲ್ಲವೇ ಎಂದು ಕಿಂಗ್ ಜೊತೆಗಿದ್ದ ಪ್ರಾಧ್ಯಾಪಕರು ಕೇಳಿದರು. ಇರಬಹುದು, ಆದರೆ ಶತಮಾನಗಳ ಅನ್ಯಾಯಕ್ಕೆ ನಾವು ಮಾಡುತ್ತಿರುವ ಪ್ರಾಯಶ್ಚಿತ್ತ ಇದು ಎಂಬರ್ಥದ ಉತ್ತರ ನೆಹರೂ ಅವರದು. ಕಿಂಗ್ ಇದನ್ನು 1964ರ ತಮ್ಮ ಪುಸ್ತಕದಲ್ಲಿ ಮೆಚ್ಚಿ ಬರೆದು, ಅಮೆರಿಕದ ಕರಿಯರಿಗೂ ವಿಶೇಷ ನೆರವು ಬೇಕು ಎಂದರು. ಪರೀಕ್ಷೆಗೆ ಒಂದೇ ಉದಾಹರಣೆ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಹಾಗಂತ ಹಿರಿಯರ ಹೆಸರು ಹೇಳುವುದೆಲ್ಲ ನಾಟಕ ಅಂತ ಬರೆದುಬಿಡಬೇಡಿ. ಕಿಂಗ್ ಕೂಡ ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ ನಿಂತೇ ಲಿಂಕನ್‌ರನ್ನು ನೆನೆದರು. ದೇಶ ಕಟ್ಟಿದವರು ಸಮಾನತೆಯ ಪ್ರಾಮಿಸರಿ ನೋಟು ಬರೆದುಕೊಟ್ಟಿದ್ದರು, ಕರಿಯರಿಗೆ ಸಿಕ್ಕಿದ್ದು ಬೌನ್ಸ್ ಆದ ಚೆಕ್ಕು ಎಂದರು. ಅಂದರೆ ಹಳೆಯವರ ಹೆಸರನ್ನು ಬಾಕಿ ವಸೂಲಿಗೆ ಬಳಸಿದರು. ಹೆಸರು ಹೇಳುವವರು ಬಾಕಿ ಕೇಳುತ್ತಿದ್ದಾರೋ, ಬಾಕಿ ತೀರಿತು ಅನ್ನುತ್ತಿದ್ದಾರೋ? ನಾನಂತೂ ಯಾವ ಭಾಷಣ ಕೇಳಿದರೂ ಮೊದಲು ಇದನ್ನು ನೋಡುತ್ತೇನೆ. ಊರಲ್ಲಿ ಬಸವ ಜಯಂತಿಯ ವೇದಿಕೆಗೂ ಇದು ಸಲ್ಲುತ್ತದೆ. ಕಾಯಕದ ಬಗ್ಗೆ ಗಂಟೆಗಟ್ಟಲೆ ಮಾತಾಡುವವರು ದಾಸೋಹದ ಹತ್ತಿರ ಬಂದಾಗ ಟೈಮ್ ಆಯ್ತು ಅಂತಾರೆ.

ಬದುಕಿದ್ದಾಗ ಕಿಂಗ್, ಅಂಬೇಡ್ಕರ್ ಇಬ್ಬರಿಗೂ ಈ ಮರ್ಯಾದೆ ಇರಲಿಲ್ಲ ಎಂಬುದನ್ನೂ ಸೇರಿಸಿ. 1966ರ ಗ್ಯಾಲಪ್ ಸಮೀಕ್ಷೆಯಲ್ಲಿ ನೂರಕ್ಕೆ 63 ಅಮೆರಿಕನ್ನರಿಗೆ ಕಿಂಗ್ ಬಗ್ಗೆ ಒಳ್ಳೆಯ ಅಭಿಪ್ರಾಯ ಇರಲಿಲ್ಲ. 1968ರಲ್ಲಿ ಮೆಂಫಿಸ್‌ನಲ್ಲಿ ಕೊಲೆಯಾದಾಗ ಅವರು ಅಲ್ಲಿಗೆ ಹೋಗಿದ್ದದ್ದು ಪೌರಕಾರ್ಮಿಕರ ಮುಷ್ಕರಕ್ಕೆ ಬೆಂಬಲ ಕೊಡಲು. ಅಂಬೇಡ್ಕರ್ 1951ರಲ್ಲಿ ಕಾನೂನು ಮಂತ್ರಿ ಸ್ಥಾನ ಬಿಟ್ಟರು. ಹಿಂದೂಗಳ ಮದುವೆ, ಆಸ್ತಿ ಹಕ್ಕಿನ ಕಾನೂನು ತಿದ್ದುವ ಹಿಂದೂ ಕೋಡ್ ಬಿಲ್ಲನ್ನು ಸರ್ಕಾರ ಕೈಬಿಟ್ಟದ್ದು ಅದಕ್ಕೆ ದೊಡ್ಡ ಕಾರಣ. ಮರುವರ್ಷ ಲೋಕಸಭೆ ಚುನಾವಣೆಯಲ್ಲಿ ಸೋತರು, ಅದೂ ಇದೇ ಮುಂಬೈಯಲ್ಲಿ. ಭಾರತರತ್ನ ಸಿಕ್ಕಿದ್ದು 1990ರಲ್ಲಿ.

ಮುಂದಿನ ಭಾನುವಾರಕ್ಕೆ ಒಂದು ಕೆಲಸ. ನಿಮ್ಮ ಗಲ್ಲಿಯಲ್ಲಿ ಕಂಡ ಒಂದು ಫ್ಲೆಕ್ಸಿನ ಫೋಟೊ ತನ್ನಿ. ಅದರಲ್ಲಿ ಮಾತು ಇದ್ದರೆ ಮೂಲ ಭಾಷಣದಲ್ಲಿ ಅದರ ಹಿಂದಿನ ಸಾಲು, ಮುಂದಿನ ಸಾಲು ಹುಡುಕಿ ಬರೆದು ತನ್ನಿ. ಮಾತೇ ಇಲ್ಲದಿದ್ದರೆ ಮುಖ ಎಣಿಸಿಕೊಂಡು ಬನ್ನಿ, ಸಾಕು.